ಈಡಿನ ನಂತರದ ಲೆಕ್ಕ: ಕೊಲರಾಡೊ ಬೆಟ್ಟಗಳಲ್ಲಿ ಇಬ್ಬರು ಕನ್ನಡಿಗರ ಎಲ್ಕ್ ಬೇಟೆಯ ಸಿದ್ಧತೆ

ಅಮೆರಿಕದ ಕೊಲರಾಡೊ ರಾಜ್ಯದ ಬೆಟ್ಟಗಳಲ್ಲಿ ಗೈಡ್ ಇಲ್ಲದೆ, ಸ್ವಂತ ಬಲವನ್ನೇ ನಂಬಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಡುವವರು ಮೊದಲು ಕೇಳುವುದು ಕೋವಿಯ ವಿಚಾರವನ್ನು. ಯಾವ ಕ್ಯಾಲಿಬರ್, ಯಾವ ದುರ್ಬೀನು, ಎಷ್ಟು ದೂರದ ಈಡು? ಬೇಟೆ ಸುರಕ್ಷತೆಯ ತರಗತಿಗಳಲ್ಲಿ ಸ್ವಯಂಸೇವಕನಾಗಿ ಕಲಿಸುವ ನನಗೆ ಈ ಪ್ರಶ್ನೆಗಳು ಚಿರಪರಿಚಿತ. ಸುಮಾರು ನೂರು ಕಿಲೋ ಮಾಂಸವನ್ನು ದಾರಿಯಿಲ್ಲದ ಬೆಟ್ಟದಿಂದ ಕೆಡದಂತೆ ಕೆಳಗಿಳಿಸುವುದು ಹೇಗೆ ಎಂದು ಮೊದಲೇ ಕೇಳುವವರು ಮಾತ್ರ ಅಪರೂಪ. 2024ರ ಶರತ್ಕಾಲದಲ್ಲಿ ರಾಜ್ಯದ ನೈಋತ್ಯ ಭಾಗದ ಸ್ಯಾನ್ ವಾನ್ ಬೆಟ್ಟಗಳಿಗೆ ಹೋದ ಇಬ್ಬರು ಕನ್ನಡಿಗರು ಆ ಪ್ರಶ್ನೆಯಿಂದಲೇ ಶುರು ಮಾಡಿದರು. ಅವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ.

ಹಿರಿಯರು ತೀರ್ಥಹಳ್ಳಿ ಕಡೆಯವರು. ಡೆನ್ವರ್ ಪಕ್ಕದಲ್ಲಿ ಮನೆ, ಕೈಯಲ್ಲಿ ಗ್ರೀನ್ ಕಾರ್ಡ್, ವಯಸ್ಸು ಐವತ್ತರ ಹತ್ತಿರ. ಅಜ್ಜನ ಕಾಲದ ಶಿಕಾರಿಯ ಮಾತುಗಳನ್ನು ಕೇಳಿ ಬೆಳೆದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಊರಿನಲ್ಲಿ ಅದು ಮಾತಾಗಿಯೇ ಉಳಿಯಿತು, ಉಳಿಯಬೇಕಾದದ್ದೂ ಹಾಗೆಯೇ. ಕಿರಿಯವನು ಮೈಸೂರಿನವನು, ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುವ ಎಂಜಿನಿಯರ್, ಬೆಟ್ಟ ಹತ್ತುವ ಅಭ್ಯಾಸವಿಲ್ಲದವನು. ಹಿರಿಯರನ್ನು ಅಣ್ಣ ಎಂದೇ ಕರೆಯುತ್ತಾನೆ. ಇಬ್ಬರಿಗೂ ಇದು ಮೊದಲ ಎಲ್ಕ್ ಬೇಟೆ.

ನಮ್ಮ ಕಡೆಯ ಓದುಗರಿಗೆ ಇಲ್ಲೊಂದು ಸಹಜ ಪ್ರಶ್ನೆ ಏಳುತ್ತದೆ: ಕಾಡುಪ್ರಾಣಿಯನ್ನು ಕೊಲ್ಲಲು ಸರ್ಕಾರವೇ ಪರವಾನಗಿ ಕೊಡುವುದು ಏಕೆ? ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಮಾರುಕಟ್ಟೆಗಾಗಿ ನಡೆದ ಮಿತಿಯಿಲ್ಲದ ಬೇಟೆಯಿಂದ ಕೊಲರಾಡೊದಲ್ಲಿ ಎಲ್ಕ್ ಬಹುತೇಕ ಅಳಿದಿತ್ತು. 1910ರ ದಶಕದಲ್ಲಿ ವಯೋಮಿಂಗ್‌ನಿಂದ ಹಿಂಡುಗಳನ್ನು ತಂದು ಬಿಟ್ಟರು, ಬೇಟೆಗೆ ಋತು ಮತ್ತು ಮಿತಿ ಹಾಕಿದರು. ಇಂದು ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿವೆ, ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ರಾಜ್ಯದ ವನ್ಯಜೀವಿ ನಿರ್ವಹಣೆಗೆ ಬೇಕಾದ ಹಣದ ದೊಡ್ಡ ಪಾಲು ಪರವಾನಗಿ ಶುಲ್ಕದಿಂದ ಬರುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ರೈಫಲ್ ಮತ್ತು ತೋಟಾಗಳ ಮೇಲೆ ವಿಧಿಸುವ ಶೇ 11ರ ತೆರಿಗೆಯೂ ವನ್ಯಜೀವಿ ಸಂರಕ್ಷಣೆಗೇ ಹೋಗುತ್ತದೆ. ಇದನ್ನು ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು. ಒಪ್ಪಿ ಹೊರಟವನ ಮೇಲೆ ಮಾತ್ರ ಒಂದು ಹೊಣೆ ಬೀಳುತ್ತದೆ, ಅದರ ತೂಕವನ್ನು ಈ ಪ್ರಕರಣವೇ ತೋರಿಸುತ್ತದೆ.

ಕಾಗದಪತ್ರದ ಕೆಲಸ ಜನವರಿಯಲ್ಲೇ ಶುರುವಾಯಿತು. ಇದರಲ್ಲಿ ಬೇರೆ ಕನ್ನಡಿಗರಿಗೆ ಎಲ್ಲಕ್ಕಿಂತ ಉಪಯುಕ್ತವಾದದ್ದು ವೀಸಾದ ಸಂಗತಿ. ಎಚ್-1ಬಿಯಂತಹ ವಲಸೆಯೇತರ ವೀಸಾದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಅದೇ ಕಾನೂನಿನಲ್ಲಿ ವಿನಾಯಿತಿ ಇದೆ. ಬೇಟೆಯ ದಿನ ಪರವಾನಗಿ ಇದ್ದರೆ ಸಾಕು ಎಂದು ಹಲವರು ಅಂದುಕೊಳ್ಳುತ್ತಾರೆ, ಗುಂಡಿನ ಅಭ್ಯಾಸಕ್ಕೆ ಕೋವಿ ಮುಟ್ಟುವ ಮೊದಲ ದಿನವೇ ಅದು ಜೇಬಿನಲ್ಲಿರಬೇಕು. ಕಿರಿಯವನು ಮೊದಲು ವಕೀಲರ ಸಲಹೆ ಪಡೆದ, ನಂತರ ಟೆಕ್ಸಾಸ್‌ನಲ್ಲಿ ಬೇಟೆ ಶಿಕ್ಷಣದ ತರಗತಿ ಮುಗಿಸಿ ಅಲ್ಲಿನ ಪರವಾನಗಿ ತೆಗೆದುಕೊಂಡ, ಆಮೇಲಷ್ಟೇ ಅಭ್ಯಾಸದ ಮೈದಾನಕ್ಕೆ ಕಾಲಿಟ್ಟ. ಕೊಲರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದ ಎಲ್ಲರಿಗೂ ಈ ತರಗತಿಯ ಪ್ರಮಾಣಪತ್ರ ಬೇಕು, ಬೇರೆ ರಾಜ್ಯದ್ದೂ ಸಲ್ಲುತ್ತದೆ.

ಅವರು ಆರಿಸಿಕೊಂಡದ್ದು ಎರಡನೇ ರೈಫಲ್ ಋತು, ಅಕ್ಟೋಬರ್ 26ರಿಂದ ನವೆಂಬರ್ 3ರವರೆಗೆ. ಅವರು ನೋಡಿಟ್ಟಿದ್ದ ಪ್ರದೇಶದಲ್ಲಿ ಆಗ ಗಂಡು ಎಲ್ಕ್‌ನ ಪರವಾನಗಿ ಲಾಟರಿ ಇಲ್ಲದೆ ನೇರವಾಗಿ ಸಿಗುತ್ತಿತ್ತು. ರಾಜ್ಯದ ನಿವಾಸಿಗೆ ನೂರು ಡಾಲರ್‌ಗಿಂತ ಕಡಿಮೆ, ಹೊರಗಿನವನಿಗೆ ಏಳುನೂರಕ್ಕೂ ಹೆಚ್ಚು. ಬಹುಪಾಲು ಪ್ರದೇಶಗಳಲ್ಲಿರುವ ನಿಯಮ ಅಲ್ಲಿಯೂ ಇತ್ತು: ಒಂದು ಕೊಂಬಿನಲ್ಲಿ ನಾಲ್ಕು ಕವಲಾದರೂ ಇರಬೇಕು, ಇಲ್ಲವೇ ಹಣೆಯ ಬಳಿಯ ಕವಲು ಐದು ಅಂಗುಲವಾದರೂ ಉದ್ದವಿರಬೇಕು. ದುರ್ಬೀನಿನಲ್ಲಿ ಕವಲು ಎಣಿಸುವುದು ಕೇಳಲು ಸುಲಭ, ಮರಗಳ ಸಂದಿಯಲ್ಲಿ ಮುಸ್ಸಂಜೆಯ ಬೆಳಕಿನಲ್ಲಿ ಎಣಿಸುವುದು ಬೇರೆಯೇ ಕೆಲಸ. ಇದಕ್ಕಾಗಿಯೇ ಹಿರಿಯರು ಸೆಪ್ಟೆಂಬರ್‌ನಲ್ಲಿ ಎಸ್ಟೆಸ್ ಪಾರ್ಕ್‌ಗೆ ಹೋಗಿ, ಊರೊಳಗೇ ಅಡ್ಡಾಡುವ ಎಲ್ಕ್‌ಗಳನ್ನು ದೂರದಿಂದ ನೋಡಿ ಕವಲು ಹೇಳುವುದನ್ನು ರೂಢಿಸಿಕೊಂಡರು. ಒಳ್ಳೆಯ ಉಪಾಯ, ನನ್ನ ವಿದ್ಯಾರ್ಥಿಗಳಿಗೂ ಈಗ ಹೇಳುತ್ತೇನೆ.

ಮೇ ತಿಂಗಳಿನಿಂದ ನಕ್ಷೆಯ ಕೆಲಸ. ಸ್ಯಾನ್ ವಾನ್ ರಾಷ್ಟ್ರೀಯ ಅರಣ್ಯ ಸಾರ್ವಜನಿಕ ಭೂಮಿ, ಯಾರು ಬೇಕಾದರೂ ನಡೆದು ಹೋಗಬಹುದು. ಅದರ ಅಂಚಿನಲ್ಲಿ ಖಾಸಗಿ ರ‍್ಯಾಂಚ್‌ಗಳಿವೆ. ಗಡಿ ತೋರಿಸುವ ಮೊಬೈಲ್ ನಕ್ಷೆಯನ್ನು ಸಿಗ್ನಲ್ ಇಲ್ಲದಾಗಲೂ ತೆರೆಯುವಂತೆ ಇಳಿಸಿಟ್ಟುಕೊಂಡರು, ಜೊತೆಗೆ ಕಾಗದದ ನಕ್ಷೆಯೂ ಇತ್ತು. ಅಕ್ಟೋಬರ್ ಕೊನೆಗೆ ಎಲ್ಕ್‌ಗಳ ಬೆದೆಗಾಲ ಮುಗಿದಿರುತ್ತದೆ. ದೊಡ್ಡ ಗಂಡುಗಳು ಹೆಣ್ಣುಗಳ ಹಿಂಡನ್ನು ಬಿಟ್ಟು, ಬಳಲಿದ ಮೈಗೆ ವಿಶ್ರಾಂತಿ ಹುಡುಕಿಕೊಂಡು ಉತ್ತರ ಮುಖದ ಇಳಿಜಾರಿನಲ್ಲಿ ಸ್ಪ್ರೂಸ್ ಎಂಬ ಸೂಜಿಯೆಲೆ ಮರಗಳ ದಟ್ಟ ಕಾಡು ಸೇರುತ್ತವೆ. ಕೂಗಿ ಕರೆದರೆ ಉತ್ತರ ಬರುವ ಕಾಲ ಅದಲ್ಲ. ನೀರು, ಹುಲ್ಲಿನ ಸಣ್ಣ ಬಯಲು, ಮಲಗಲು ಕತ್ತಲೆಯ ಕಾಡು, ಈ ಮೂರೂ ಹತ್ತಿರ ಹತ್ತಿರ ಇದ್ದು, ವಾಹನದ ರಸ್ತೆಯಿಂದ ಕನಿಷ್ಠ ಎರಡು ಕಿಲೋಮೀಟರ್ ಆಚೆ ಇರುವ ತಾಣಗಳನ್ನು ಅವರು ಗುರುತಿಸಿದರು. ಮೊದಲ ದಿನ ರಸ್ತೆಯ ಬದಿಯಿಂದ ನುಗ್ಗುವ ಬೇಟೆಗಾರರಿಗೆ ಹೆದರಿದ ಎಲ್ಕ್‌ಗಳು ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟುವ ತಗ್ಗು ಕಣಿವೆದಾರಿಗಳನ್ನೂ ಗುರುತಿಸಿಟ್ಟರು.

ಆಗಸ್ಟ್‌ನಲ್ಲಿ ಹಿರಿಯರು ಅಲ್ಲಿಗೆ ಹೋಗಿ ನಡೆದು ನೋಡಿದಾಗ, ಉಪಗ್ರಹ ಚಿತ್ರ ಹೇಳದ ಒಂದು ಸತ್ಯ ಕಾಲಿಗೆ ತಾಗಿತು. ತೊಗಟೆ ಹುಳು ತಿಂದು ಸತ್ತ ಸ್ಪ್ರೂಸ್ ಮರಗಳು ಇಡೀ ಇಳಿಜಾರಿನಲ್ಲಿ ಅಡ್ಡಡ್ಡ ಬಿದ್ದಿದ್ದವು. ನಕ್ಷೆಯಲ್ಲಿ ಅರ್ಧ ಗಂಟೆಯ ದಾರಿ ಎಂದುಕೊಂಡದ್ದಕ್ಕೆ ಖಾಲಿ ಕೈಯಲ್ಲೇ ಎರಡು ಗಂಟೆ ಹಿಡಿಯಿತು. ಮೂವತ್ತು ಕಿಲೋ ಹೊರೆ ಹೊತ್ತು ಆ ಮರಗಳನ್ನು ದಾಟುವುದು ಕಾಲು ಮುರಿದುಕೊಳ್ಳುವ ದಾರಿ. ಅವರ ಪಟ್ಟಿಯಲ್ಲಿದ್ದ ಅತ್ಯುತ್ತಮ ತಾಣ ಅಂದೇ ಅಳಿಸಿಹೋಯಿತು.

ಗಾಳಿಯ ಬಗ್ಗೆ ತುಸು ವಿವರವಾಗಿ ಹೇಳಬೇಕು, ಬೇಟೆಯ ಅರ್ಧ ವಿದ್ಯೆ ಇರುವುದು ಅಲ್ಲೇ. ಎಲ್ಕ್ ತನ್ನ ಕಣ್ಣನ್ನು ಅನುಮಾನಿಸಬಹುದು, ಕಿವಿಯನ್ನೂ ಅನುಮಾನಿಸಬಹುದು, ಮೂಗನ್ನು ಮಾತ್ರ ಅನುಮಾನಿಸುವುದಿಲ್ಲ. ಬೆಟ್ಟದಲ್ಲಿ ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಕಣಿವೆಯತ್ತ ಇಳಿಯುತ್ತದೆ, ಬೆಳಗ್ಗೆ ಬಿಸಿಲು ಇಳಿಜಾರನ್ನು ಕಾಯಿಸುವವರೆಗೂ ಹಾಗೆಯೇ ಹರಿಯುತ್ತದೆ. ಆಮೇಲೆ ಒಂದಷ್ಟು ಹೊತ್ತು ದಿಕ್ಕೆಟ್ಟು ಸುತ್ತಾಡಿ ಮೇಲ್ಮುಖವಾಗುತ್ತದೆ. ಸಂಜೆ ನೆರಳು ಬಿದ್ದೊಡನೆ ಮತ್ತೆ ಕೆಳಮುಖ. ಹಾಗಾಗಿ ಮುಂಜಾನೆ ಕೆಳಗಿನಿಂದ ಮೇಲಕ್ಕೆ ಅರಸಬೇಕು, ಹಗಲು ಏರಿದ ಮೇಲೆ ಮೇಲಿನಿಂದ ಕೆಳಕ್ಕೆ, ಗಾಳಿ ತಿರುಗುವ ಹೊತ್ತಿನಲ್ಲಿ ಕದಲದೆ ಕೂರಬೇಕು. ಇವರಿಬ್ಬರೂ ಪ್ರತಿ ತಾಣಕ್ಕೂ ಎರಡು ದಾರಿ ಬರೆದಿಟ್ಟರು, ಬೆಳಗಿನದೊಂದು, ಸಂಜೆಯದೊಂದು. ಜೇಬಿನಲ್ಲಿ ಪುಡಿಯ ಸಣ್ಣ ಬಾಟಲಿ, ಒತ್ತಿದರೆ ಹಾರುವ ಪುಡಿ ಗಾಳಿಯ ದಿಕ್ಕು ಹೇಳುತ್ತದೆ.

ಕೋವಿಯ ಮಾತು ಚಿಕ್ಕದು. ಇಬ್ಬರದೂ .30-06 ಕ್ಯಾಲಿಬರ್‌ನ ರೈಫಲ್, 200 ಗಜಕ್ಕೆ ಗುರಿ ಹೊಂದಿಸಿದ್ದು. ಅದರ ಗುಂಡು 300 ಗಜದಲ್ಲಿ ಸುಮಾರು ಎಂಟು ಅಂಗುಲ ಇಳಿಯುತ್ತದೆ. ಮೇಜಿನ ಮೇಲೆ ಮರಳಿನ ಚೀಲವಿಟ್ಟು ಹೊಡೆಯುವುದನ್ನು ಬೇಗ ಬಿಟ್ಟು, ಕುಳಿತು, ಮಂಡಿಯೂರಿ, ಏದುಸಿರು ಬಿಡುತ್ತಾ ಹೊಡೆಯುವುದನ್ನು ಅಭ್ಯಾಸ ಮಾಡಿದರು. ಹತ್ತರಲ್ಲಿ ಒಂಬತ್ತು ಸಲ ಊಟದ ತಟ್ಟೆಯಷ್ಟು ಜಾಗಕ್ಕೆ ಗುಂಡು ಬೀಳುವ ದೂರವೇ ಅವರವರ ಮಿತಿ ಎಂದು ತೀರ್ಮಾನಿಸಿದರು. ಹಿರಿಯರದು 250 ಗಜ, ಕಿರಿಯವನದು 200ಕ್ಕೆ ನಿಂತಿತು.

ಡಲ್ಲಾಸ್‌ನಲ್ಲಿ ಹತ್ತಲು ಬೆಟ್ಟವಿಲ್ಲ. ಕಿರಿಯವನು ಕಚೇರಿಯ ಬಹುಮಹಡಿ ಪಾರ್ಕಿಂಗ್ ಕಟ್ಟಡದ ಮೆಟ್ಟಿಲುಗಳನ್ನು, ಬೆನ್ನುಚೀಲದಲ್ಲಿ 20 ಪೌಂಡಿನ ಎರಡು ಸೋನಾ ಮಸೂರಿ ಅಕ್ಕಿ ಚೀಲಗಳನ್ನಿಟ್ಟು ಹತ್ತಿಳಿದ. ಕಾಲುಗಳು ಗಟ್ಟಿಯಾದವು. ಎತ್ತರಕ್ಕೆ ಮಾತ್ರ ಮೆಟ್ಟಿಲಿನಲ್ಲಿ ಮದ್ದಿಲ್ಲ. ಮೂರು ಸಾವಿರ ಮೀಟರ್‌ನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಸುಮಾರು ಶೇ 70, ಅದಕ್ಕೆ ದೇಹ ಹೊಂದಿಕೊಳ್ಳಲು ಬೇಕಾದದ್ದು ದಿನಗಳು. ಅವನು ರಜೆ ಉಳಿಸಲು ಋತು ಶುರುವಾಗುವ ಹಿಂದಿನ ಸಂಜೆ ಬಂದಿಳಿದ. ಮೊದಲ ದಿನವಿಡೀ ತಲೆನೋವು, ವಾಕರಿಕೆ, ಡೇರೆಯಲ್ಲೇ ಮಲಗಿದ. ಇಡೀ ಸಿದ್ಧತೆಯಲ್ಲಿ ದೊಡ್ಡ ಲೋಪ ಇದು. ಇನ್ನಷ್ಟು ಮೇಲೆ ಹತ್ತಿಸದೆ ಅವನನ್ನು ಮಲಗಲು ಬಿಟ್ಟದ್ದು ಹಿರಿಯರ ವಿವೇಕ. ಲಕ್ಷಣ ಹೆಚ್ಚಿದ್ದರೆ ಕೆಳಗಿಳಿಯುವುದೊಂದೇ ಔಷಧಿ.

ಊಟಕ್ಕೆ ಅವಲಕ್ಕಿ, ಚಪಾತಿ, ಚಟ್ನಿಪುಡಿ, ಕಡಲೆಕಾಯಿ ಚಿಕ್ಕಿ. ಆ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ ಬೇಯಿಸುವುದು ತಾಪತ್ರಯ. ಹತ್ತಿ ಬಟ್ಟೆ ಒಂದೂ ಇಲ್ಲ, ಎಲ್ಲವೂ ಉಣ್ಣೆ ಅಥವಾ ಬೇಗ ಒಣಗುವ ನೂಲಿನದು. ಸೊಂಟದ ಮೇಲೆ 500 ಚದರ ಅಂಗುಲದಷ್ಟು ಹೊಳೆಯುವ ಕಿತ್ತಳೆ, ಅದೇ ಬಣ್ಣದ ಟೋಪಿ, ಇದು ಕಾನೂನು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಒಂದು.

ಈಗ ಮಾಂಸದ ಲೆಕ್ಕ. ನಮ್ಮ ಕಡವೆಯನ್ನು ಕಾಡಿನಲ್ಲಿ ಹತ್ತಿರದಿಂದ ಕಂಡವರಿಗೆ ಎಲ್ಕ್‌ನ ಗಾತ್ರ ಊಹಿಸುವುದು ಕಷ್ಟವಲ್ಲ, ಬಲಿತ ಗಂಡು ಮುನ್ನೂರು ಕಿಲೋ ತೂಗುತ್ತದೆ. ಮೂಳೆ ಬಿಡಿಸಿದ ಮೇಲೆ ಮಾಂಸವೇ ತೊಂಬತ್ತರಿಂದ ನೂರು ಕಿಲೋ. ನಾಲ್ಕೂ ಕಾಲುಗಳ ಮಾಂಸ, ಬೆನ್ನಿನ ಎರಡು ಪಟ್ಟಿ, ಒಳಗಿನ ಮೆದು ತುಂಡುಗಳನ್ನು ಕೊಲರಾಡೊದಲ್ಲಿ ಕಾಡಿನಲ್ಲಿ ಬಿಟ್ಟುಬರುವುದು ಅಪರಾಧ. ಕಾನೂನು ಇಲ್ಲದಿದ್ದರೂ ಅದು ಅಪರಾಧವೇ ಎನ್ನುವವನು ನಾನು. ಒಂದು ಜೀವ ತೆಗೆದು ಅದರ ಮಾಂಸವನ್ನು ಕೊಳೆಯಲು ಬಿಡುವವನನ್ನು ಬೇಟೆಗಾರ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಮಾಂಸ ಕೆಡುವುದು ಬಿಸಿಯಿಂದ, ಮತ್ತು ಆ ಬಿಸಿ ಇರುವುದು ಪ್ರಾಣಿಯ ಒಳಗೇ. ಎಲ್ಕ್‌ನ ಚರ್ಮ ದಪ್ಪ, ರೋಮ ಒತ್ತು, ತೊಡೆಯ ಮಾಂಸ ದಪ್ಪ. ಹಿಮದ ಮೇಲೆ ಬಿದ್ದಿದ್ದರೂ ಚರ್ಮ ಸುಲಿಯದೆ ರಾತ್ರಿ ಬಿಟ್ಟರೆ ತೊಡೆಯ ಮೂಳೆಯ ಸುತ್ತ ಮಾಂಸ ಹುಳಿಯುತ್ತದೆ, ಕೆಳಗಿನ ಹಿಮ ಶಾಖವನ್ನು ಹಿಡಿದಿಡುವ ಕಂಬಳಿಯಾಗುತ್ತದೆ. ಆದ್ದರಿಂದ ಬಿದ್ದ ಗಂಟೆಗಳೊಳಗೆ ಸುಲಿದು, ಕಾಲುಗಳನ್ನು ಬೇರ್ಪಡಿಸಿ, ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿ ನೆರಳಿನಲ್ಲಿ ತೂಗುಹಾಕಬೇಕು. ಹೊಟ್ಟೆ ಬಗೆಯದೆಯೇ ಒಂದೊಂದು ಪಕ್ಕವನ್ನೂ ಬಿಡಿಸುವ ವಿಧಾನವನ್ನು ಇಬ್ಬರೂ ಕಲಿತರು. ಹಿರಿಯರು ಊರಿನ ಕಸಾಯಿಖಾನೆಯೊಂದರಲ್ಲಿ ಅನುಮತಿ ಪಡೆದು ಕೀಲು ಬಿಡಿಸುವ ಜಾಗಗಳನ್ನು ಕೈಯಾರೆ ಕಲಿತುಬಂದರು. ಗಂಡು ಎಂಬುದರ ಗುರುತು ಸಹಜವಾಗಿಯೇ ಮಾಂಸಕ್ಕೆ ಅಂಟಿಕೊಂಡಿರಬೇಕು ಎಂಬ ನಿಯಮವಿದೆ, ಮೂಳೆ ಬಿಡಿಸುವ ಆತುರದಲ್ಲಿ ಅದನ್ನು ಕತ್ತರಿಸಿಬಿಡುವವರು ಇದ್ದಾರೆ.

ಹೊರೆಯ ಲೆಕ್ಕ ನೇರವಾಗಿತ್ತು. ಒಬ್ಬೊಬ್ಬರು ಒಂದು ಸಲಕ್ಕೆ ಹೆಚ್ಚೆಂದರೆ 28 ಕಿಲೋ. ಅಂದರೆ ಇಬ್ಬರೂ ತಲಾ ಎರಡು ಸುತ್ತು. ರಕ್ಷಿತ ವನ್ಯಪ್ರದೇಶದ ಗಡಿಯೊಳಗೆ ಚಕ್ರವಿರುವ ಕೈಗಾಡಿಯನ್ನೂ ಒಯ್ಯುವಂತಿಲ್ಲ, ಬೆನ್ನು ಅಥವಾ ಕುದುರೆ. ಪಗೋಸಾ ಸ್ಪ್ರಿಂಗ್ಸ್ ಬಳಿ ಪರವಾನಗಿ ಇರುವ ಕುದುರೆಯವರೊಬ್ಬರೊಡನೆ ಮಾಂಸ ಹೊತ್ತು ತರಲು ಮೊದಲೇ ಮಾತಾಡಿ, ದರ ಗೊತ್ತುಮಾಡಿಕೊಂಡರು. ಇಷ್ಟಾದ ಮೇಲೆ ಹಿರಿಯರು ಕಾಗದದ ನಕ್ಷೆಯ ಮೇಲೆ ಮೂರು ಬಣ್ಣ ಎಳೆದರು. ಹಸಿರು: ಯಾವ ಹೊತ್ತಿನಲ್ಲೂ ಈಡು ಹಾರಿಸಬಹುದು. ಹಳದಿ: ಮಧ್ಯಾಹ್ನ ಮೂರರೊಳಗೆ ಮಾತ್ರ, ಅನಂತರ ಕತ್ತಲಾಗುವುದರೊಳಗೆ ಮಾಂಸ ಬಿಡಿಸಲಾಗದು. ಕೆಂಪು: ಎಂದಿಗೂ ಇಲ್ಲ, ಅಲ್ಲಿಂದ ಇಬ್ಬರಿಗೆ ಹೊತ್ತು ತರಲಾಗದು, ಕುದುರೆಯೂ ಇಳಿಯದು. ಈ ನಕ್ಷೆಯೇ ಪ್ರಕರಣದ ತಿರುಳು.

ಎರಡನೇ ದಿನ ಸಂಜೆ ಅದು ಪರೀಕ್ಷೆಗೆ ಒಳಗಾಯಿತು. ಹಗಲು ಬೆಚ್ಚಗಿತ್ತು, ಹಿಮ ಇರಲಿಲ್ಲ. ಹಳದಿ ವಲಯದ ಕಡಿದಾದ ಕಣಿವೆಯೊಂದರ ಅಂಚಿನಲ್ಲಿ ಇಬ್ಬರೂ ಮರೆ ಕೂತಿದ್ದರು. ಸೂರ್ಯ ಮುಳುಗಿ, ಕಾನೂನಿನಂತೆ ಈಡು ಹಾರಿಸಬಹುದಾದ ಅರ್ಧ ಗಂಟೆಯಲ್ಲಿ ಕಾಲು ಗಂಟೆ ಉಳಿದಿದ್ದಾಗ, ಕೆಳಗಿನ ಹುಲ್ಲಿಗೆ ಆರು ಕವಲಿನ ಗಂಡು ಬಂದು ನಿಂತಿತು. 190 ಗಜ. ಕಿರಿಯವನ ಕೋವಿ ಊರುಗೋಲಿನ ಮೇಲೆ ಸ್ಥಿರವಾಗಿತ್ತು.

“ಅಣ್ಣ, ಇಷ್ಟು ಹತ್ತಿರ ಇನ್ನು ಸಿಗುವುದಿಲ್ಲ.”

“ಗೊತ್ತಪ್ಪ. ಬಿದ್ದ ಮೇಲೆ ಏನು ಮಾಡುತ್ತೀಯೆ ಹೇಳು.”

ಅವನು ಕೋವಿಯಿಂದ ತೋಟಾ ತೆಗೆದ. ಕತ್ತಲಲ್ಲಿ ಡೇರೆಗೆ ಮರಳುವಾಗ ಮಾತಾಡಲಿಲ್ಲವಂತೆ.

ಈ ತೀರ್ಮಾನವನ್ನು ಒಪ್ಪದ ಅನುಭವಿ ಬೇಟೆಗಾರರು ಇದ್ದಾರೆ. ತಲೆದೀಪದ ಬೆಳಕಿನಲ್ಲಿ ಎಲ್ಕ್ ಬಿಡಿಸುವವರು ಪ್ರತಿ ಋತುವಿನಲ್ಲೂ ಇರುತ್ತಾರೆ, ರಾತ್ರಿ ತಾಪಮಾನ ಹೇಗೂ ಸೊನ್ನೆಗಿಂತ ಕೆಳಗಿಳಿಯುತ್ತದೆ ಎಂಬ ಅವರ ವಾದದಲ್ಲಿ ಹುರುಳಿದೆ. ಹಿಂದೆ ಹತ್ತಾರು ಎಲ್ಕ್ ಬಿಡಿಸಿದವನಿಗೆ ನಾನೂ ಅದನ್ನೇ ಹೇಳಿಯೇನು. ಗಾಯಗೊಂಡ ಎಲ್ಕ್ ಕಣಿವೆಯೊಳಗೆ ಓಡಿದರೆ ಕತ್ತಲಲ್ಲಿ ರಕ್ತದ ಜಾಡು ಹಿಡಿಯಬೇಕು, ಸಿಕ್ಕ ಮೇಲೆ ಎಂದೂ ಮಾಡಿರದ ಕೆಲಸವನ್ನು ಚೂರಿ ಹಿಡಿದು, ಬಿದ್ದ ಮರಗಳ ನಡುವೆ, ದಣಿದ ಕೈಯಲ್ಲಿ ಮಾಡಬೇಕು. ಮೊದಲ ಸಲದವರಿಬ್ಬರಿಗೆ ಅದು ಬೇಡ. ಎದುರಿಗೆ ಕೊಂಬು ಕಂಡಾಗ ಯಾರ ಲೆಕ್ಕವೂ ನೆಟ್ಟಗಿರುವುದಿಲ್ಲ, ಸೆಪ್ಟೆಂಬರ್‌ನಲ್ಲಿ ಅಡುಗೆಮನೆಯ ಮೇಜಿನ ಮೇಲೆ ಎಳೆದ ಗೆರೆ ಆ ಹೊತ್ತಿನಲ್ಲಿ ಅವರ ಪರವಾಗಿ ಯೋಚಿಸಿತು.

ನಾಲ್ಕನೇ ದಿನ ಬೆಳಗಿನ ಎಂಟರ ಹೊತ್ತು, ಹಸಿರು ವಲಯದ ತಗ್ಗು ದಾರಿಯೊಂದರಲ್ಲಿ, ಕೆಳಗಿಳಿಯುವ ಗಾಳಿಗೆ ಎದುರಾಗಿ ಹತ್ತುತ್ತಿದ್ದ ಹಿರಿಯರಿಗೆ ಐದು ಕವಲಿನ ಗಂಡು ಸಿಕ್ಕಿತು. 170 ಗಜ, ಅಡ್ಡಲಾಗಿ ನಿಂತದ್ದು, ಗುಂಡು ಎರಡೂ ಶ್ವಾಸಕೋಶ ದಾಟಿತು. ಐವತ್ತು ಹೆಜ್ಜೆ ಓಡಿ ಬಿತ್ತು. ಅರ್ಧ ಗಂಟೆ ಕಾದು ಹತ್ತಿರ ಹೋದರು, ಪರವಾನಗಿಯ ಚೀಟಿಗೆ ಸಹಿ ಹಾಕಿದರು. ಹಿರಿಯರು ಕೈಮುಗಿದು ಸ್ವಲ್ಪ ಹೊತ್ತು ನಿಂತರು ಎಂದು ಕಿರಿಯವನು ಹೇಳಿದ.

ಬಿಡಿಸಲು ನಾಲ್ಕೂವರೆ ಗಂಟೆ ಹಿಡಿಯಿತು. ಮಾಂಸದ ಚೀಲಗಳನ್ನು ಅಸ್ಥಿಪಂಜರದಿಂದ ನೂರು ಮೀಟರ್ ದೂರ, ನೆರಳಿನಲ್ಲಿ, ಎದುರು ದಿಬ್ಬದಿಂದ ಕಾಣುವಂತೆ ತೂಗುಹಾಕಿದರು. ಮರುದಿನ ಬರುವಾಗ ಕರಡಿ ಬಂದಿದೆಯೇ ಎಂದು ದೂರದಿಂದಲೇ ನೋಡಲು ಇದು ಬೇಕು. ಕೊಲರಾಡೊದಲ್ಲಿ ಈಗಿರುವುದು ಕಪ್ಪು ಕರಡಿಗಳು. ದೊಡ್ಡ ಕಂದು ಕರಡಿಯಾದ ಗ್ರಿಜ್ಲಿಗಳಲ್ಲಿ ಕೊನೆಯದು ಇಲ್ಲಿ ಸತ್ತದ್ದು 1979ರಲ್ಲಿ, ಇದೇ ಸ್ಯಾನ್ ವಾನ್ ಬೆಟ್ಟಗಳ ದಕ್ಷಿಣ ಭಾಗದಲ್ಲಿ, ಬಿಲ್ಲುಬೇಟೆಯ ಗೈಡ್ ಒಬ್ಬರ ಮೇಲೆ ಎರಗಿದಾಗ. ಆ ಸಂಜೆ ತಲಾ ಒಂದು ಹೊರೆ, ಮರುದಿನ ಮಧ್ಯಾಹ್ನದೊಳಗೆ ಇನ್ನೊಂದು. ವಾಹನದವರೆಗೆ ಮೂರು ಕಿಲೋಮೀಟರ್‌ಗಿಂತ ತುಸು ಹೆಚ್ಚು. ಅಕ್ಕಿ ಚೀಲದ ಮೆಟ್ಟಿಲುಗಳು ಅಲ್ಲಿ ಸಾರ್ಥಕವಾದವು, ಕುದುರೆಯವರನ್ನು ಕರೆಯಬೇಕಾಗಲಿಲ್ಲ. ಮಾಂಸದ ಒಂದು ತುಂಡೂ ಕೆಡಲಿಲ್ಲ. ಕಿರಿಯವನ ಪರವಾನಗಿ ಹಾಗೆಯೇ ಉಳಿಯಿತು.

ತಲೆಯನ್ನು ರಾಜ್ಯದ ವನ್ಯಜೀವಿ ಕಚೇರಿಗೆ ಪರೀಕ್ಷೆಗೆ ಕೊಟ್ಟರು. ಜಿಂಕೆ ಕುಲದ ಮಿದುಳನ್ನು ಹಾಳುಮಾಡುವ ಸಿಡಬ್ಲ್ಯುಡಿ ಎಂಬ ಕಾಯಿಲೆ ಮೊದಲು ಕಂಡದ್ದು 1967ರಲ್ಲಿ, ಕೊಲರಾಡೊದ ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಜಿಂಕೆಗಳಲ್ಲಿ. ಮನುಷ್ಯರಿಗೆ ತಗುಲಿದ ದೃಢಪಟ್ಟ ಪ್ರಕರಣ ಇಲ್ಲ, ಆದರೂ ಸೋಂಕಿರುವ ಪ್ರಾಣಿಯ ಮಾಂಸ ತಿನ್ನಬಾರದು ಎಂಬುದೇ ಆರೋಗ್ಯ ಸಂಸ್ಥೆಗಳ ಸಲಹೆ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲೇ ಇತ್ತು, ಸೋಂಕು ಕಂಡುಬರಲಿಲ್ಲ. ಕಿರಿಯವನ ಪಾಲು ಟೆಕ್ಸಾಸ್‌ಗೆ ಹೋದದ್ದು ಪೂರ್ತಿ ಮೂಳೆ ಬಿಡಿಸಿದ ಮಾಂಸವಾಗಿ. ಇದೇ ಕಾಯಿಲೆಯ ಕಾರಣ ಮಿದುಳು, ಬೆನ್ನುಹುರಿಯ ಭಾಗಗಳನ್ನು ಆ ರಾಜ್ಯ ಒಳಗೆ ಬಿಡುವುದಿಲ್ಲ.

ಮುಂದಿನ ಪ್ರಯತ್ನಕ್ಕೆ ಅವರು ಬದಲಿಸಿರುವುದು ಎರಡನ್ನು. ಕಿರಿಯವನು ಮೂರು ದಿನ ಮೊದಲೇ ಬಂದು, ಸುಮಾರು 2,170 ಮೀಟರ್ ಎತ್ತರದ ಪಗೋಸಾ ಸ್ಪ್ರಿಂಗ್ಸ್‌ನಲ್ಲಿ ತಂಗಿ, ಆಮೇಲೆ ಹತ್ತುತ್ತಾನೆ. ಏಪ್ರಿಲ್‌ನ ಲಾಟರಿಯಲ್ಲಿ ಹೆಣ್ಣು ಎಲ್ಕ್‌ನ ಪರವಾನಗಿಗೂ ಅರ್ಜಿ ಹಾಕುತ್ತಾನೆ. ಬಣ್ಣದ ನಕ್ಷೆ ಹಾಗೆಯೇ ಉಳಿಯುತ್ತದೆ, ಒಂದು ತಕರಾರಿನೊಂದಿಗೆ: ಬಿಡಿಸುವ ಕೆಲಸ ಈಗ ಕೈಗೆ ಬಂದಿದೆ, ಹಳದಿ ವಲಯದ ಗಡುವನ್ನು ಮೂರರಿಂದ ನಾಲ್ಕಕ್ಕೆ ಏರಿಸಬಹುದು ಎಂದು ಕಿರಿಯವನ ವಾದ. ಹಿರಿಯರು ಇನ್ನೂ ಒಪ್ಪಿಲ್ಲ.